ಅಷ್ಟಿಷ್ಟು ಪರಿಚಯದವರಿಗೆ ಹೆಣೆದುಕೊಡಲು ಅಕ್ರಿಲಿಕ್ ನೂಲು: ಕೊಡಗಿನ ಮಳೆಗಾಲದಿಂದ ಒಂದು ವಿಮರ್ಶೆ

ಕೈಹೆಣಿಗೆಯನ್ನು ಗಂಭೀರವಾಗಿ ತೆಗೆದುಕೊಂಡವರ ನಡುವೆ ಅಕ್ರಿಲಿಕ್ ನೂಲಿಗೆ ಒಳ್ಳೆಯ ಹೆಸರಿಲ್ಲ. ಅಪ್ಪಟ ಉಣ್ಣೆ ಸಿಗದವರು, ಇಲ್ಲವೇ ಅದರ ಬೆಲೆ ತೆರಲಾಗದವರು ಕೊಳ್ಳುವ ನೂಲು ಎಂಬ ಭಾವನೆ ಅದರ ಬಗ್ಗೆ ಬಹಳ ಕಾಲದಿಂದ ಉಳಿದುಬಂದಿದೆ. ಮಡಿಕೇರಿಯ ಸಮೀಪದಲ್ಲಿ ವಾಸವಾಗಿದ್ದು, ಬಿಡುವು ಸಿಕ್ಕಾಗಲೆಲ್ಲ ಕಡ್ಡಿ ಹಿಡಿದು ಕುಳಿತುಕೊಳ್ಳುವ ನನಗೆ ಈ ಮಾತು ಅರ್ಧ ಮಾತ್ರ ಸರಿಯೆನಿಸುತ್ತದೆ. ಮನೆಯವರಿಗೆ, ಹತ್ತಿರದ ನಂಟರಿಗೆ ಸ್ವೆಟರ್ ಹೆಣೆಯುವಾಗ ನಾನೂ ಉಣ್ಣೆಯನ್ನೇ ಹುಡುಕುತ್ತೇನೆ. ಆದರೆ ಅಷ್ಟಿಷ್ಟು ಪರಿಚಯವಿರುವವರಿಗೆ, ಎಂದರೆ ದಿನವೂ ಮುಖ ನೋಡುವ, ಕ್ಷೇಮ ವಿಚಾರಿಸುವ, ಆದರೆ ಒಬ್ಬರ ಮನೆಯೊಳಗೆ ಇನ್ನೊಬ್ಬರು ಕಾಲಿಟ್ಟಿರದ ಜನರಿಗೆ ಕೊಡುವ ಸಣ್ಣ ಉಡುಗೊರೆಗೆ, ಅದರಲ್ಲೂ ನಮ್ಮ ಜಿಲ್ಲೆಯ ಹವೆಯಲ್ಲಿ, ಅಕ್ರಿಲಿಕ್‌ನಷ್ಟು ಹೊಂದುವ ನೂಲು ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಒಂದು ಬಳಕೆಯನ್ನು ಮುಂದಿಟ್ಟುಕೊಂಡೇ ಇಲ್ಲಿ ಅದರ ಗುಣದೋಷಗಳನ್ನು ನೋಡಿದ್ದೇನೆ. ದೊಡ್ಡ ಸ್ವೆಟರಿಗೆ, ಶಾಲಿಗೆ ಅದು ಹೇಗೆ ಎಂಬುದು ಬೇರೆಯೇ ಪ್ರಶ್ನೆ.

ಇಂಥ ಪರಿಚಯಸ್ಥರು ಯಾರೆಂದು ಮೊದಲು ಹೇಳಬೇಕು, ಏಕೆಂದರೆ ನೂಲಿನ ಆಯ್ಕೆ ನಿಂತಿರುವುದೇ ಅವರ ಮೇಲೆ. ಕೊಡಗಿನಲ್ಲಿ ಮನೆಗಳು ತೋಟಗಳ ನಡುವೆ ದೂರದೂರ ಇರುವುದರಿಂದ, ನೆಂಟರಿಷ್ಟರಿಗಿಂತ ಹೆಚ್ಚಾಗಿ ನಾವು ಕಾಣುವುದು ದಾರಿಯಲ್ಲಿ ಎದುರಾಗುವವರನ್ನು. ಬೆಳಗಿನ ಖಾಸಗಿ ಬಸ್ಸನ್ನು ನಮಗಾಗಿ ಅರೆಗಳಿಗೆ ಹೆಚ್ಚು ನಿಲ್ಲಿಸುವ ಕಂಡಕ್ಟರ್, ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲೂ ಟಪಾಲು ತಲುಪಿಸುವ ಅಂಚೆಯಣ್ಣ, ಸಹಕಾರ ಸಂಘದಲ್ಲಿ ಗೊಬ್ಬರದ ಚೀಟಿ ಬರೆದುಕೊಡುವ ಗುಮಾಸ್ತರು, ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್, ಔಷಧದಂಗಡಿಯಲ್ಲಿ ಮಾತ್ರೆಯ ಹೆಸರನ್ನು ತಾಳ್ಮೆಯಿಂದ ಎರಡು ಸಲ ಹೇಳುವ ಹುಡುಗಿ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ. ಇವರಿಗೆ ಏನಾದರೂ ಹೆಣೆದುಕೊಡಬೇಕೆನಿಸುತ್ತದೆ. ಆದರೆ ತಲೆಯ ಅಳತೆ ಕೇಳುವಷ್ಟು ಸಲಿಗೆ ಇರುವುದಿಲ್ಲ, ಉಣ್ಣೆ ತಗುಲಿದರೆ ಮೈ ತುರಿಸುತ್ತದೆಯೇ ಎಂಬುದು ತಿಳಿದಿರುವುದಿಲ್ಲ, ಅವರ ಮನೆಯಲ್ಲಿ ಬಟ್ಟೆಯನ್ನು ಹೇಗೆ ಒಗೆಯುತ್ತಾರೆಂಬುದೂ ಗೊತ್ತಿರುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯವಾದದ್ದು ಋಣದ ಪ್ರಶ್ನೆ. ಮದುವೆ ಮನೆಯಲ್ಲಿ ಬಂದ ಮುಯ್ಯಿಯನ್ನು ಬರೆದಿಟ್ಟುಕೊಂಡು ಮರೆಯದೆ ತೀರಿಸುವ ಜನ ನಾವು. ಬೆಲೆಬಾಳುವ ಉಣ್ಣೆಯ ಟೋಪಿಯೊಂದನ್ನು ಕೈಗಿಟ್ಟರೆ ಕಂಡಕ್ಟರ್ ನಾಳೆಯಿಂದ ಟಿಕೆಟಿನ ಹಣ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಕೊಟ್ಟದ್ದು ಬಳಕೆಗೆ ಬರಬೇಕು, ಪಡೆದವರಿಗೆ ಭಾರವೆನಿಸಬಾರದು. ಈ ಎರಡು ಮಾತಿನ ಅಳತೆಗೋಲಿನಿಂದಲೇ ನಾನು ನೂಲನ್ನು ಅಳೆಯುತ್ತೇನೆ.

ಅಕ್ರಿಲಿಕ್ ಎಂಬುದು ಪೆಟ್ರೋಲಿಯಂ ಮೂಲದ ಕೃತಕ ಎಳೆ. ತೂಕದಲ್ಲಿ ಕನಿಷ್ಠ ಶೇ. 85ರಷ್ಟು ಅಕ್ರಿಲೋನೈಟ್ರೈಲ್ ಇದ್ದರೆ ಮಾತ್ರ ಆ ಎಳೆಯನ್ನು ಅಕ್ರಿಲಿಕ್ ಎಂದು ಕರೆಯುತ್ತಾರೆ. ಅಮೆರಿಕದ ಡ್ಯೂಪಾಂಟ್ ಕಂಪನಿ 1941ರಲ್ಲಿ ಇದನ್ನು ರೂಪಿಸಿ, 1950ರಲ್ಲಿ ಓರ್ಲಾನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಉಣ್ಣೆಯಂತೆಯೇ ಉಬ್ಬಿದ, ಗಾಳಿಯನ್ನು ಹಿಡಿದಿಡುವ ನೂಲನ್ನು ಇದರಿಂದ ತೆಗೆಯಬಹುದಾದ್ದರಿಂದ ಹೆಣಿಗೆಯ ಲೋಕದಲ್ಲಿ ಬೇಗ ಹರಡಿತು. ನಮ್ಮ ದೇಶದಲ್ಲಿ ಉಣ್ಣೆ ಹೊಸೈರಿ, ಎಂದರೆ ಬೆಚ್ಚನೆಯ ಹೆಣಿಗೆ ಬಟ್ಟೆಗಳ, ಉದ್ಯಮದ ಕೇಂದ್ರ ಪಂಜಾಬಿನ ಲೂಧಿಯಾನ; ವರ್ಧಮಾನ್, ಓಸ್ವಾಲ್ ಮೊದಲಾದ ಅಲ್ಲಿನ ಕಂಪನಿಗಳ ಉಂಡೆಗಳೇ ದೇಶದ ಉದ್ದಗಲಕ್ಕೂ ಹೋಗುತ್ತವೆ, ನಮ್ಮ ಊರಿಗೂ ಬರುತ್ತವೆ. ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಅಂಗಡಿಗಳಲ್ಲಿ ಕೃತಕ ನೂಲು, ಉಣ್ಣೆ, ಎರಡರ ಮಿಶ್ರಣ ಎಲ್ಲವನ್ನೂ ಉಲ್ಲನ್ ಎಂದೇ ಕೊಡುತ್ತಾರೆ. ಆದ್ದರಿಂದ ಉಂಡೆಗೆ ಸುತ್ತಿದ ಪಟ್ಟಿಯನ್ನು ಓದದೆ ಹಣ ಕೊಡಬಾರದು. ಪಟ್ಟಿ ಕಳೆದುಹೋದ ಹಳೆಯ ಉಂಡೆಯಾದರೆ ಸಣ್ಣ ತುಣುಕೊಂದನ್ನು ಮನೆಯ ಹೊರಗೆ ಇಕ್ಕಳದಲ್ಲಿ ಹಿಡಿದು ಸುಟ್ಟುನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನಾಗಿ ಆರಿ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತ ಉರಿದು, ಪುಡಿಯಾಗದ ಗಟ್ಟಿ ಕರಿ ಗಂಟೊಂದನ್ನು ಬಿಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಯಾವ ನೂಲಿಗಾದರೂ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ. ಮೈದಾನದ ಊರಿನವರಿಗೆ ಹೆಣಿಗೆಯ ಬಟ್ಟೆ ಎಂದರೆ ಚಳಿಗಾಲದ ಬಟ್ಟೆ. ನಮಗೆ ಅದು ಮೊದಲು ಮಳೆಗಾಲದ ಬಟ್ಟೆ. ಬಿಸಿಲಿನ ಮುಖವನ್ನೇ ಕಾಣದ ವಾರಗಳಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗುವುದಿಲ್ಲ, ಕಪಾಟಿನೊಳಗಿನ ಒಣ ಬಟ್ಟೆಯೂ ತಣ್ಣಗೆ ಜಿಗುಟಾಗಿರುತ್ತದೆ, ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಕೂರುತ್ತದೆ. ಒಂದೇ ಮಾದರಿಯ ಟೋಪಿಯನ್ನು ಉಣ್ಣೆ, ಹತ್ತಿ, ಅಕ್ರಿಲಿಕ್ ಮೂರರಲ್ಲೂ ಹೆಣೆದು, ಒಂದೇ ದಿನ ಒಗೆದು, ಒಂದೇ ಜಗಲಿಯಲ್ಲಿ ಹರಡಿ ನೋಡಿದ್ದೇನೆ. ಅಕ್ರಿಲಿಕ್ ಟೋಪಿ ಎಲ್ಲಕ್ಕಿಂತ ಮೊದಲು ಒಣಗಿತು, ಉಣ್ಣೆಯದು ಬಹಳ ಹಿಂದೆ ಬಿತ್ತು. ಹತ್ತಿಯದು ಅಂಚಿನ ಮಡಿಕೆಯಲ್ಲಿ ನೀರು ಉಳಿಸಿಕೊಂಡು ಕೊನೆಗೆ ಮುಗ್ಗಲು ವಾಸನೆ ಹಿಡಿಯಿತು. ಕಾರಣ ಎಳೆಯ ಸ್ವಭಾವದಲ್ಲಿಯೇ ಇದೆ. ಗಾಳಿಯಲ್ಲಿನ ತೇವಾಂಶ ಶೇ. 65ರಷ್ಟಿರುವ ಪ್ರಮಾಣಿತ ಸ್ಥಿತಿಯಲ್ಲಿ ಉಣ್ಣೆ ತನ್ನ ಒಣ ತೂಕದ ಸುಮಾರು ಶೇ. 15ರಷ್ಟು, ಹತ್ತಿ ಶೇ. 7ರಿಂದ 8ರಷ್ಟು ತೇವವನ್ನು ಒಳಗೆಳೆದುಕೊಂಡರೆ, ಅಕ್ರಿಲಿಕ್ ಎಳೆದುಕೊಳ್ಳುವುದು ಶೇ. 2ರ ಆಸುಪಾಸು ಮಾತ್ರ. ನಮ್ಮ ಜುಲೈ ತಿಂಗಳ ಗಾಳಿ ಆ ಪ್ರಮಾಣಿತ ಸ್ಥಿತಿಗಿಂತ ಎಷ್ಟು ಒದ್ದೆ ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಕ್ರಿಲಿಕ್ ಎಳೆಯೊಳಗೆ ನೀರು ಅಷ್ಟಾಗಿ ಇಳಿಯುವುದಿಲ್ಲ, ಎಳೆಗಳ ನಡುವೆ ನಿಲ್ಲುತ್ತದೆ. ಹಿಂಡಿ ಹರಡಿದರೆ ಹೊರಟುಹೋಗುತ್ತದೆ. ಜೊತೆಗೆ ಬೂಷ್ಟಿಗೂ ನುಸಿಗೂ ಅದು ಆಹಾರವಲ್ಲ. ಉಣ್ಣೆಯ ಬಟ್ಟೆಯನ್ನು ನುಸಿ ತೂತು ಮಾಡುತ್ತದೆ, ಬೇವಿನೆಲೆಯನ್ನೋ ನುಸಿಗುಳಿಗೆಯನ್ನೋ ಇಟ್ಟು ಕಾಯಬೇಕು. ಇಂಥ ಕಾವಲನ್ನು ಅಂಚೆಯಣ್ಣನ ಮನೆಯವರ ಮೇಲೆ ಹೊರಿಸಲು ನನಗೆ ಯಾವ ಹಕ್ಕೂ ಇಲ್ಲ.

ಉಣ್ಣೆಯ ಪರವಾಗಿ ಹೇಳಲೇಬೇಕಾದ ಒಂದು ಮಾತಿದೆ, ಅದನ್ನು ಮುಚ್ಚಿಟ್ಟರೆ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ತೇವವನ್ನು ಒಳಗೆಳೆದುಕೊಂಡರೂ ಉಣ್ಣೆ ಬೆಚ್ಚಗೆ ಉಳಿಯುತ್ತದೆ. ಅಕ್ರಿಲಿಕ್ ನೆನೆದರೆ ತಣ್ಣಗಾಗಿ ಮೈಗಂಟುತ್ತದೆ. ದಿನವಿಡೀ ಮಳೆಯಲ್ಲಿ ತೋಟ ಸುತ್ತುವವರಿಗೆ, ರಾತ್ರಿ ಕಾವಲು ಕಾಯುವವರಿಗೆ ಒಳ್ಳೆಯ ಉಣ್ಣೆಯ ಟೋಪಿ ಕೊಡುವ ಸೌಖ್ಯವನ್ನು ಅಕ್ರಿಲಿಕ್ ಕೊಡಲಾರದು. ಆದರೆ ಬಸ್ಸಿನೊಳಗೆ, ಅಂಗಡಿಯೊಳಗೆ, ಕಚೇರಿಯ ಕಿಟಕಿಯ ಹಿಂದೆ ಕೂತು ಚಳಿ ತಾಳಿಕೊಳ್ಳುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಅರೇಬಿಕಾ ಕಾಫಿ ಕೊಯ್ಲಿನ ಡಿಸೆಂಬರ್ ಬೆಳಗುಗಳಲ್ಲಿ, ಮಳೆಯಿಲ್ಲದ ಒಣ ಚಳಿಗೆ, ಅಕ್ರಿಲಿಕ್ ಮಫ್ಲರ್ ಏನೇನೂ ಕಡಿಮೆಯಲ್ಲ.

ಈ ನೂಲಿನ ಅತಿ ದೊಡ್ಡ ದೋಷ ಬೆಂಕಿಯ ಮುಂದೆ ಬಯಲಾಗುತ್ತದೆ, ಅದೂ ಕೊಡಗಿನಲ್ಲಿ ಸಣ್ಣ ವಿಷಯವಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಾಗವೆಂದರೆ ಬಚ್ಚಲು ಮನೆಯ ಹಂಡೆ ಒಲೆಯ ಮೇಲಿನ ಬಿದಿರಿನ ಗಳು. ಅಲ್ಲಿಯ ಬಿಸಿ ಹೊಗೆಗೆ ಉಣ್ಣೆಯ ಬಟ್ಟೆ ಹೊಗೆವಾಸನೆ ಹಿಡಿದು ಉಳಿದುಕೊಳ್ಳುತ್ತದೆ. ಆದರೆ ಅಕ್ರಿಲಿಕ್ ಬಟ್ಟೆ ಕಾವು ಹೆಚ್ಚಾದರೆ ಮೊದಲು ತನ್ನ ಪುಟಿತವನ್ನು ಕಳೆದುಕೊಂಡು ಜೋತುಬೀಳುತ್ತದೆ, ಕಿಡಿ ತಾಗಿದರೆ ಕರಗುತ್ತದೆ. ಹಬೆ ಹಿಡಿದ ಇಸ್ತ್ರಿ ಪೆಟ್ಟಿಗೆಯೂ ಅದೇ ಕೆಲಸ ಮಾಡುತ್ತದೆ: ಅಂಚಿನ ಪಟ್ಟಿ ಒಮ್ಮೆ ಸಡಿಲವಾದರೆ ಮತ್ತೆ ಬಿಗಿಯಾಗುವುದೇ ಇಲ್ಲ, ಎಷ್ಟು ನೀರಿನಲ್ಲಿ ನೆನೆಸಿದರೂ ಹಿಂದಿನ ಆಕಾರ ಬರುವುದಿಲ್ಲ. ಉಣ್ಣೆಯ ಹೆಣಿಗೆಯನ್ನು ಮುಗಿಸಿದ ಮೇಲೆ ಹಬೆ ಕೊಟ್ಟು ಆಕಾರ ಸರಿಪಡಿಸುವ ಅಭ್ಯಾಸ ಇರುವವರು ಅಕ್ರಿಲಿಕ್‌ನಲ್ಲಿ ಅದನ್ನು ಬಿಡಬೇಕು. ತಣ್ಣೀರಿನಲ್ಲಿ ಅದ್ದಿ, ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿದರೆ ಸಾಕು. ಅಡುಗೆಮನೆಗೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಇದರಲ್ಲಿ ಹೆಣೆಯಲೇಬಾರದು. ಬಿಸಿ ಬಾಣಲೆಗೆ ಅಂಟಿ ಕರಗಿದ ನೂಲು ಕೈಯ ಚರ್ಮಕ್ಕೂ ಅಂಟುತ್ತದೆ. ಅದಕ್ಕೆ ದಪ್ಪ ಹತ್ತಿ ನೂಲೊಂದೇ ಸರಿ.

ಇದೇ ಕಾರಣಕ್ಕೆ ಒಬ್ಬ ಪರಿಚಯಸ್ಥರನ್ನು ನಾನು ಅಕ್ರಿಲಿಕ್‌ನ ಪಟ್ಟಿಯಿಂದ ಹೊರಗಿಟ್ಟಿದ್ದೇನೆ. ಗಾಳಿಮಳೆಗೆ ಸಿಲ್ವರ್ ಮರ ಉರುಳಿ ತಂತಿ ಹರಿದಾಗ, ಊರೆಲ್ಲ ಕತ್ತಲಲ್ಲಿ ಕೂತಿರುವಾಗ, ಕಂಬ ಹತ್ತುವ ಲೈನ್‌ಮನ್ ಅವರಿಗೆ ಏನಾದರೂ ಬೆಚ್ಚನೆಯದನ್ನು ಕೊಡಬೇಕೆಂದು ಕೊಡಗಿನಲ್ಲಿ ಅನಿಸದವರಿಲ್ಲ. ಆದರೆ ವಿದ್ಯುತ್ ಕಿಡಿಯ ಸಮೀಪ ಕೆಲಸ ಮಾಡುವವರು ಕರಗುವ ಕೃತಕ ಬಟ್ಟೆಯನ್ನು ತೊಡಬಾರದು; ಕಿಡಿ ಹಾರಿದರೆ ಅದು ಚರ್ಮಕ್ಕೆ ಅಂಟಿ ಗಾಯವನ್ನು ಹೆಚ್ಚಿಸುತ್ತದೆ. ಅವರಿಗೆ ಕೊಡುವುದಾದರೆ ಖರ್ಚಾದರೂ ಚಿಂತೆಯಿಲ್ಲ, ನೂರಕ್ಕೆ ನೂರು ಉಣ್ಣೆಯದನ್ನೇ ಕೊಡಬೇಕು. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವವರಿಗೂ, ಹೋಟೆಲಿನ ಒಲೆಯ ಮುಂದೆ ನಿಲ್ಲುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಯಾರಿಗೆ ಎಂಬುದನ್ನು ನಿರ್ಧರಿಸದೆ ನೂಲನ್ನು ಕೊಳ್ಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಬೆಂಕಿಯ ನಂತರದ ದೋಷ ಗುಂಜು ಕಟ್ಟುವುದು. ಅಗ್ಗದ ಅಕ್ರಿಲಿಕ್ ಒಂದೇ ಋತುವಿನಲ್ಲಿ, ಕುತ್ತಿಗೆಯ ಹಿಂಭಾಗ ಮತ್ತು ಚೀಲದ ಪಟ್ಟಿ ಉಜ್ಜುವ ಭುಜದ ಮೇಲೆ ಸಣ್ಣ ಸಣ್ಣ ಗುಂಜುಗಳನ್ನು ಎಬ್ಬಿಸುತ್ತದೆ, ಎಳೆ ಗಟ್ಟಿಯಾಗಿರುವುದರಿಂದ ಅವು ತಾವಾಗಿ ಉದುರುವುದೂ ಇಲ್ಲ. ಇದನ್ನು ಅಂಗಡಿಯಲ್ಲಿಯೇ ಕಂಡುಹಿಡಿಯಬಹುದು. ಉಂಡೆಯ ತುದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಕೆಲವು ಸಲ ಬಿಗಿಯಾಗಿ ಉಜ್ಜಬೇಕು. ಸಡಿಲವಾಗಿ ತಿರುಚಿದ ನೂಲಾದರೆ ಅಷ್ಟರಲ್ಲಿಯೇ ನಾರು ಬಿಚ್ಚಿ ನವಿರೇಳುತ್ತದೆ, ಬಿಗಿಯಾಗಿ ತಿರುಚಿದ್ದಾದರೆ ದುಂಡಗೆ ನಿಲ್ಲುತ್ತದೆ. ಮೃದುವಾಗಿದೆ ಎಂಬ ಒಂದೇ ಕಾರಣಕ್ಕೆ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅಂಗಡಿಯಲ್ಲಿ ಅತಿ ಮೃದುವೆನಿಸುವ ನೂಲು ಬಹಳ ಸಲ ಅತಿ ಸಡಿಲವಾಗಿ ತಿರುಚಿದ ನೂಲೇ ಆಗಿರುತ್ತದೆ. ಪರಿಚಯಸ್ಥರಿಗೆ ಕೊಡುವ ವಸ್ತು ಕೊಟ್ಟ ದಿನ ಮೆತ್ತಗಿರುವುದಕ್ಕಿಂತ ಮುಂದಿನ ವರ್ಷವೂ ನಾಲ್ಕು ಜನರ ಎದುರು ತೊಡುವಂತಿರುವುದು ಮುಖ್ಯ.

ನೂಲಿನ ದಪ್ಪ ಮತ್ತು ಕಡ್ಡಿಯ ಸಂಖ್ಯೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಹೊಸಬರು ನೂಲನ್ನು ವ್ಯರ್ಥ ಮಾಡುವುದು ಇಲ್ಲಿಯೇ. ಪಟ್ಟಿಯ ಮೇಲಿನ ತ್ರೀ ಪ್ಲೈ, ಫೋರ್ ಪ್ಲೈ ಎಂಬುದು ಎಷ್ಟು ಎಳೆಗಳನ್ನು ಸೇರಿಸಿ ತಿರುಚಿದ್ದಾರೆ ಎಂಬುದನ್ನು ತಿಳಿಸುತ್ತದೆಯೇ ಹೊರತು ನೂಲು ಎಷ್ಟು ದಪ್ಪ ಎಂಬುದನ್ನು ಖಚಿತವಾಗಿ ತಿಳಿಸುವುದಿಲ್ಲ. ತೆಳು ಎಳೆಗಳ ಫೋರ್ ಪ್ಲೈ ಒಂದು ಕಂಪನಿಯಲ್ಲಿ, ದಪ್ಪ ಎಳೆಗಳದು ಇನ್ನೊಂದರಲ್ಲಿ ಇರಬಹುದು. ನೋಡಬೇಕಾದದ್ದು ಹೆಣೆದ ಬಟ್ಟೆಯ 10 ಸೆಂಟಿಮೀಟರ್ ಅಗಲಕ್ಕೆ ಎಷ್ಟು ಕುಣಿಕೆ (ಕಡ್ಡಿಯ ಮೇಲೆ ಹಾಕುವ ನೂಲಿನ ಒಂದೊಂದು ಸುತ್ತು) ಬರುತ್ತದೆ ಎಂಬುದನ್ನು. 4 ಮಿಲಿಮೀಟರ್ ಕಡ್ಡಿಯಲ್ಲಿ 22 ಕುಣಿಕೆ ಬರುವ ಮಧ್ಯಮ ದಪ್ಪದ ನೂಲು ಸಣ್ಣ ಉಡುಗೊರೆಗಳಿಗೆ ಎಲ್ಲಕ್ಕಿಂತ ಅನುಕೂಲ. ಇನ್ನು ಕಡ್ಡಿಗಳನ್ನು ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ಸಂಖ್ಯೆಯಲ್ಲಿಯೇ ಮಾರುತ್ತಾರೆ. ಅದರಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳುವಾಗುತ್ತದೆ: 10 ನಂಬರ್ ಎಂದರೆ 3.25 ಮಿಲಿಮೀಟರ್, 8 ನಂಬರ್ ಎಂದರೆ 4 ಮಿಲಿಮೀಟರ್, 6 ನಂಬರ್ ಎಂದರೆ 5 ಮಿಲಿಮೀಟರ್. ಮೊಬೈಲಿನಲ್ಲಿ ಸಿಗುವ ಮಾದರಿಗಳಲ್ಲಿ ಬಹುಪಾಲು ಅಮೆರಿಕದ ಸಂಖ್ಯೆ ಇರುತ್ತದೆ, ಅಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ದಪ್ಪವಾಗುತ್ತದೆ. ಅಮೆರಿಕದ 8 ಎಂದರೆ 5 ಮಿಲಿಮೀಟರ್. ಅಂಗಡಿಯಲ್ಲಿ ಬರಿದೆ 8 ನಂಬರ್ ಎಂದು ಕೇಳಿ ತಂದು, ಆ ಮಾದರಿಯನ್ನು ಹೆಣೆದರೆ ದೊಡ್ಡವರ ಟೋಪಿ ಮಗುವಿನ ಕುಲಾವಿಯಾಗುತ್ತದೆ. ಮಿಲಿಮೀಟರಿನಲ್ಲಿಯೇ ಕೇಳಿ, ಮಿಲಿಮೀಟರಿನಲ್ಲಿಯೇ ಬರೆದಿಟ್ಟುಕೊಳ್ಳುವುದು ಸುರಕ್ಷಿತ. ಜಾರುವ ಅಕ್ರಿಲಿಕ್‌ಗೆ ನುಣುಪಾದ ಲೋಹದ ಕಡ್ಡಿಗಿಂತ ಮರದ ಅಥವಾ ಬಿದಿರಿನ ಕಡ್ಡಿ ಹಿಡಿತ ಕೊಡುತ್ತದೆ, ಬಸ್ಸಿನಲ್ಲಿ ಕೂತು ಹೆಣೆಯುವವರಿಗಂತೂ ಅದೇ ಒಳ್ಳೆಯದು.

ಏನನ್ನು ಹೆಣೆಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಟೋಪಿ, ಅದೂ ಎರಡು ಸೀದಾ ಎರಡು ಉಲ್ಟಾ ಕುಣಿಕೆಗಳ ಪಟ್ಟಿ ಹೆಣಿಗೆಯಲ್ಲಿಯೇ ಬುಡದಿಂದ ತುದಿಯವರೆಗೆ ಹೆಣೆದ ಟೋಪಿ. ವಯಸ್ಕರ ತಲೆಯ ಸುತ್ತಳತೆ ಸಾಮಾನ್ಯವಾಗಿ 54ರಿಂದ 58 ಸೆಂಟಿಮೀಟರ್. ಟೋಪಿ ಇದಕ್ಕಿಂತ ಕೆಲವು ಸೆಂಟಿಮೀಟರ್ ಚಿಕ್ಕದಿದ್ದರೆ ಮಾತ್ರ ತಲೆಯನ್ನು ಹಿಡಿದು ನಿಲ್ಲುತ್ತದೆ. ಮೇಲೆ ಹೇಳಿದ ನೂಲು ಮತ್ತು ಕಡ್ಡಿಯಲ್ಲಿ 108 ಕುಣಿಕೆ ಹಾಕಿದರೆ ಸುಮಾರು 49 ಸೆಂಟಿಮೀಟರ್ ಆಗುತ್ತದೆ, 108 ನಾಲ್ಕರಿಂದ ಭಾಗವಾಗುವುದರಿಂದ ಪಟ್ಟಿಯೂ ಸುತ್ತಿನುದ್ದಕ್ಕೂ ಸರಿಹೊಂದುತ್ತದೆ. ಪಟ್ಟಿಯ ಹೆಣಿಗೆ ಹಿಗ್ಗುವುದರಿಂದ ಅಳತೆಯನ್ನು ಕೇಳದೆಯೇ ಬಹುತೇಕ ಎಲ್ಲರಿಗೂ ಕೂರುತ್ತದೆ, ಕಿವಿ ಮುಚ್ಚಬೇಕೆನ್ನುವವರು ಅಂಚಿನ ಮಡಿಕೆಯನ್ನು ಬಿಚ್ಚಿಕೊಳ್ಳಬಹುದು. ಇದಕ್ಕೆ 70ರಿಂದ 80 ಗ್ರಾಂ ನೂಲು ಬೇಕು, ಎಂದರೆ 100 ಗ್ರಾಮಿನ ಒಂದು ಉಂಡೆಗೆ ಒಂದು ಟೋಪಿ, ಉಳಿದದ್ದರಲ್ಲಿ ಮೊಬೈಲಿನ ಸಣ್ಣ ಚೀಲ. ಮಫ್ಲರ್ ಎರಡನೆಯ ಆಯ್ಕೆ. ಅದಕ್ಕೆ ಅಳತೆಯ ಚಿಂತೆಯೇ ಇಲ್ಲವಾದರೂ ನೂಲೂ ಕಾಲವೂ ಎರಡು ಪಾಲು ಹಿಡಿಯುತ್ತವೆ, ಕೊಡುವಾಗ ಅದು ತುಸು ದೊಡ್ಡ ಉಡುಗೊರೆಯಾಗಿಯೇ ಕಾಣುತ್ತದೆ. ಕೈಗವಸು, ಕಾಲುಚೀಲಗಳನ್ನು ಅಷ್ಟಿಷ್ಟು ಪರಿಚಯದವರಿಗೆ ನಾನು ಹೆಣೆಯುವುದಿಲ್ಲ. ಅಳತೆ ತಪ್ಪಿದರೆ ಅವು ಯಾರಿಗೂ ಬೇಡವಾಗುತ್ತವೆ. ಕೈಹೆಣಿಗೆಯ ಕಾಲುಚೀಲ ತೋಟದಲ್ಲಿ ಜಿಗಣೆಯನ್ನು ತಡೆಯುತ್ತದೆ ಎಂದು ನಂಬಿ ಕೇಳಿದವರೂ ಇದ್ದಾರೆ. ಅದು ತಡೆಯುವುದಿಲ್ಲ, ಕುಣಿಕೆಗಳ ನಡುವಿನ ಸಂದು ಜಿಗಣೆಗೆ ಧಾರಾಳವಾಗಿ ಸಾಕು. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲವೇ ಬೇಕು.

ಬಣ್ಣದ ವಿಚಾರದಲ್ಲಿ ಅಕ್ರಿಲಿಕ್ ಉದಾರವಾಗಿದೆ. ಬಿಸಿಲಿಗೆ ಬೇಗ ಮಾಸುವುದಿಲ್ಲ, ಮೊದಲ ಒಗೆತದಲ್ಲಿ ಬಣ್ಣ ಬಿಟ್ಟು ಪಕ್ಕದ ಬಿಳಿ ಅಂಗಿಯನ್ನು ಹಾಳುಮಾಡಿದ್ದನ್ನು ನಾನು ಕಂಡಿಲ್ಲ. ಪರಿಚಯ ಕಡಿಮೆಯಿದ್ದಷ್ಟೂ ಬಣ್ಣ ಸೌಮ್ಯವಾಗಿರಬೇಕೆಂಬುದು ನನ್ನ ರೂಢಿ: ಬೂದು, ಕಡುನೀಲಿ, ಕಾಫಿಬೀಜದ ಕಂದು, ಪಾಚಿ ಹಸಿರು. ಆದರೆ ಅಂಗಡಿಯವರ ವಿಚಾರದಲ್ಲಿ ಒಂದು ದೂರು ಇದೆ. ಪ್ರತಿ ಉಂಡೆಯ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಅದನ್ನು ಅದ್ದಿದ ಲಾಟಿನ ಸಂಖ್ಯೆಯೂ ಇರುತ್ತದೆ. ಬಣ್ಣ ಒಂದೇ ಆದರೂ ಲಾಟ್ ಬೇರೆಯಾದರೆ ಹೆಣೆದ ಮೇಲೆ ಗೆರೆ ಎದ್ದು ಕಾಣುತ್ತದೆ. ನಾನು ಹೋಗುವ ಅಂಗಡಿಯೊಂದರಲ್ಲಿ ಬೇರೆ ಬೇರೆ ಲಾಟಿನ ಉಂಡೆಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬೆರೆಸಿ ಇಟ್ಟಿರುತ್ತಾರೆ. ವಿನಯದಿಂದ ಕೇಳಿದರೆ ಚೀಲವನ್ನು ಸುರಿದು ಹುಡುಕಿಕೊಳ್ಳಲು ಬಿಡುತ್ತಾರೆ, ಆದರೆ ಶುಕ್ರವಾರ ಮಡಿಕೇರಿಯ ಸಂತೆಯ ಗದ್ದಲದಲ್ಲಿ ಅದು ಆಗದ ಮಾತು. ಒಂದೇ ಉಂಡೆಯಲ್ಲಿ ಮುಗಿಯುವ ಟೋಪಿಯನ್ನೇ ನಾನು ಇಷ್ಟು ಒತ್ತಿ ಶಿಫಾರಸು ಮಾಡಲು ಇದೂ ಒಂದು ಕಾರಣ. ಆ ಅಂಗಡಿಯ ಒಳ್ಳೆಯ ಗುಣವನ್ನೂ ಹೇಳಬೇಕು: ಪೂರ್ತಿ ಪೊಟ್ಟಣ ಕೊಳ್ಳಿ ಎಂದು ಒತ್ತಾಯಿಸದೆ ಬಿಡಿ ಉಂಡೆಯನ್ನೂ ಕೊಡುತ್ತಾರೆ, “ಯಾರಿಗಮ್ಮ, ಮಕ್ಕಳಿಗಾ ದೊಡ್ಡವರಿಗಾ?” ಎಂದು ಕೇಳಿ ಅದಕ್ಕೆ ತಕ್ಕ ನೂಲನ್ನು ಮುಂದಿಡುತ್ತಾರೆ.

ಬೆಲೆಯ ಲೆಕ್ಕದಲ್ಲಿ ಯಾರಾದರೂ ಎತ್ತಬಹುದಾದ ಆಕ್ಷೇಪವೊಂದಿದೆ. ಕುಶಾಲನಗರದಾಚೆಯ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು ಚಳಿಗಾಲದಲ್ಲಿ ಊರೂರಿನಲ್ಲಿ ಸ್ವೆಟರ್ ಅಂಗಡಿ ಹಾಕುವುದನ್ನು ನಾವೆಲ್ಲ ಬಲ್ಲೆವು. ಅಲ್ಲಿ ಯಂತ್ರದಲ್ಲಿ ಹೆಣೆದ, ಒಳಗೆ ಮೆತ್ತನೆಯ ಅಸ್ತರಿಯಿರುವ ಟೋಪಿ ನಮ್ಮ ನೂಲಿನ ಬೆಲೆಗೇ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೇ ಸಿಗುತ್ತದೆ. ಬೆಚ್ಚಗಿರಿಸುವುದೊಂದೇ ಉದ್ದೇಶವಾದರೆ ಅದನ್ನು ಕೊಂಡುಕೊಡುವುದೇ ಸರಿ. ಆದರೆ ಪರಿಚಯಸ್ಥರಿಗೆ ಅಂಗಡಿಯಲ್ಲಿ ಕೊಂಡ ವಸ್ತುವನ್ನು ಕೊಟ್ಟಾಗ ಅದರ ಬೆಲೆ ಅವರಿಗೆ ತಕ್ಷಣ ತಿಳಿಯುತ್ತದೆ, ಲೆಕ್ಕ ಮನಸ್ಸಿನಲ್ಲಿ ಉಳಿಯುತ್ತದೆ. “ಮನೆಯಲ್ಲಿ ನೂಲು ಉಳಿದಿತ್ತು, ಹೆಣೆದೆ, ನಿಮಗೆ ಆಗಬಹುದು” ಎಂದು ಕೊಟ್ಟ ಟೋಪಿಗೆ ಅಂಥ ಲೆಕ್ಕ ಹತ್ತುವುದಿಲ್ಲ, ಅವರು ಅದನ್ನು ಸಂಕೋಚವಿಲ್ಲದೆ ತಲೆಗೆ ಹಾಕಿಕೊಳ್ಳುತ್ತಾರೆ. ಉಣ್ಣೆಯ ವಿಷಯದಲ್ಲಿ ಈ ಮಾತನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಅಕ್ರಿಲಿಕ್ ವಿಷಯದಲ್ಲಿ ಅದು ಬಹುಪಾಲು ನಿಜವೂ ಆಗಿರುತ್ತದೆ.

ನನ್ನ ಮನಸ್ಸನ್ನು ನಿಜವಾಗಿಯೂ ಕಾಡುವ ಆಕ್ಷೇಪ ಬೇರೆ. ಈ ಎಳೆ ಪ್ಲಾಸ್ಟಿಕ್, ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳನ್ನು ನೀರಿಗೆ ಬಿಡುತ್ತದೆ. 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, 6 ಕಿಲೋ ಅಕ್ರಿಲಿಕ್ ಬಟ್ಟೆಯನ್ನು ವಾಷಿಂಗ್ ಮೆಷಿನ್‌ನಲ್ಲಿ ಒಂದು ಸಲ ಒಗೆದರೆ 7 ಲಕ್ಷಕ್ಕೂ ಹೆಚ್ಚು ನಾರುಗಳು ಹೊರಬರಬಹುದು. ಕಾವೇರಿ ಹುಟ್ಟುವ ನೆಲದಲ್ಲಿ, ನಮ್ಮ ಬಚ್ಚಲಿನ ನೀರು ತೋಡು ಸೇರಿ, ತೋಡು ಹೊಳೆ ಸೇರಿ, ಕೆಳಗಿನ ಊರುಗಳ ಕುಡಿಯುವ ನೀರಾಗುವ ಜಾಗದಲ್ಲಿ ಕೂತು ಈ ಸಂಖ್ಯೆಯನ್ನು ಓದಿ ಸುಮ್ಮನಿರಲಾಗದು. ಟೋಪಿಯೊಂದು 80 ಗ್ರಾಂ ಮಾತ್ರ, ದಿನವೂ ಒಗೆಯುವ ವಸ್ತುವೂ ಅಲ್ಲ ಎಂಬುದು ನಿಜ. ಆದರೂ ಸ್ವೆಟರ್, ಹೊದಿಕೆಗಳಂಥ ದೊಡ್ಡ ವಸ್ತುಗಳನ್ನು ಇದರಲ್ಲಿ ಹೆಣೆಯುವುದನ್ನು ನಾನು ನಿಲ್ಲಿಸಿದ್ದೇನೆ, ಬಿಗಿಯಾಗಿ ತಿರುಚಿದ, ನಾರು ಕಡಿಮೆ ಬಿಡುವ ನೂಲನ್ನೇ ಆರಿಸುತ್ತೇನೆ, ಬಕೆಟ್ಟಿನ ತಣ್ಣೀರಿನಲ್ಲಿ ಕೈಯಿಂದ ಮೆಲ್ಲಗೆ ಒಗೆಯಿರಿ ಎಂದು ಕೊಡುವಾಗ ಹೇಳುತ್ತೇನೆ. ಈ ದೋಷವನ್ನು ಯಾವ ಸಮಜಾಯಿಷಿಯೂ ಪೂರ್ತಿಯಾಗಿ ತೊಡೆದುಹಾಕುವುದಿಲ್ಲ. ಸಣ್ಣ ವಸ್ತುಗಳಿಗೆ ಮಾತ್ರ ಈ ನೂಲು ಎಂದು ನಾನು ಹಾಕಿಕೊಂಡ ಮಿತಿಗೆ ಮುಖ್ಯ ಕಾರಣವೂ ಇದೇ.

ಕೊಳ್ಳುವ ಕಾಲದ ಬಗ್ಗೆ ಒಂದು ಸಲಹೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರವಾದಂತೆ, ನವೆಂಬರಿನ ಚಳಿ ಶುರುವಾದಾಗ, ಅಂಗಡಿಗಳಲ್ಲಿ ಒಳ್ಳೆಯ ಬಣ್ಣಗಳು ಖಾಲಿಯಾಗಿರುತ್ತವೆ, ಉಳಿದಿರುವುದು ಕಣ್ಣು ಕುಕ್ಕುವ ಗುಲಾಬಿ ಮತ್ತು ಗಿಳಿಹಸಿರು. ಮೇ ತಿಂಗಳಲ್ಲಿಯೇ, ಮಳೆ ಹಿಡಿಯುವ ಮೊದಲು, ಬೂದು ಮತ್ತು ಕಡುನೀಲಿಯ 100 ಗ್ರಾಮಿನ ಉಂಡೆಗಳನ್ನು ಒಂದೇ ಲಾಟಿನಲ್ಲಿ ತಂದಿಟ್ಟುಕೊಂಡರೆ, ಮಳೆಗಾಲದ ದೀರ್ಘ ಸಂಜೆಗಳಲ್ಲಿ ಹೆಣಿಗೆ ಸಾಗುತ್ತದೆ. ಹಬ್ಬದ ದಿನವೇ ಕೊಡುವ ಅಗತ್ಯವಿಲ್ಲ; ಹಬ್ಬದಂದು ಕೊಟ್ಟದ್ದಕ್ಕೆ ಮರುಕಾಣಿಕೆ ಕೊಡಬೇಕೆಂಬ ಮುಲಾಜು ಸೇರಿಕೊಳ್ಳುತ್ತದೆ. ಟೋಪಿಯೊಳಗೆ ಸಣ್ಣ ಕಾಗದದ ತುಂಡೊಂದರಲ್ಲಿ ಕನ್ನಡದಲ್ಲಿ ಮೂರು ಸಾಲು ಬರೆದಿಡುವುದು ಒಳ್ಳೆಯದು: ತಣ್ಣೀರಿನಲ್ಲಿ ಕೈಯಿಂದ ಒಗೆಯಿರಿ, ಇಸ್ತ್ರಿ ಹಾಕಬೇಡಿ, ಒಲೆಯ ಮೇಲೆ ಒಣಗಿಸಬೇಡಿ. ಕಂಪನಿಯ ಪಟ್ಟಿಯ ಮೇಲೆ ಈ ಸೂಚನೆಗಳು ಚಿಹ್ನೆಗಳಲ್ಲಿ ಮಾತ್ರ ಇದ್ದು, ಹೆಣೆದು ಮುಗಿಯುವ ಹೊತ್ತಿಗೆ ಆ ಪಟ್ಟಿ ಕಸದ ಬುಟ್ಟಿ ಸೇರಿರುತ್ತದೆ.